ಬಫರ್ ಎಷ್ಟು ದೊಡ್ಡದಿರಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಸಾಕೆಟ್ ಪ್ರೋಗ್ರಾಮಿಂಗ್ ಬಗ್ಗೆ, ಅಂದರೆ ಎರಡು ಪ್ರೋಗ್ರಾಂಗಳು ನೆಟ್‌ವರ್ಕ್ ಮೂಲಕ ಮಾತಾಡುವಂತೆ ಮಾಡುವ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ: ಬರುವ ಡೇಟಾ ಹಿಡಿಯೋಕೆ ಬಫರ್, ಅಂದರೆ ಮೆಮೊರಿಯಲ್ಲಿ ಮೀಸಲಿಡುವ ಜಾಗ, ಎಷ್ಟು ಇಡಬೇಕು? ಹಾಗಾಗಿ ಈ ಸಲದ ಅಂಕಣ ಪೂರ್ತಿ ಬಫರ್‌ಗೇ ಮೀಸಲು. ಕಾರ್ಖಾನೆಗಳ ವಿದ್ಯುತ್ ಮೀಟರ್‌ಗಳಿಂದ ರೀಡಿಂಗ್ ತರುವ ಗೇಟ್‌ವೇಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಬೇರೆಯವರ ಕೋಡ್ ನನ್ನ ಮುಂದೆ ಬಂದಾಗ ಮೊದಲು ಹುಡುಕುವುದು ಬಫರ್ ಅಳತೆಯ ಸಾಲನ್ನೇ. ಅಲ್ಲಿ 1024 ಅಂತ ಇದ್ದರೆ ‘ಈ ಸಂಖ್ಯೆ ಎಲ್ಲಿಂದ ಬಂತು?’ ಎಂದು ಕೇಳುತ್ತೇನೆ. ಸಿಗುವ ಉತ್ತರ ಸಾಮಾನ್ಯವಾಗಿ ‘ಉದಾಹರಣೆಯಲ್ಲಿ ಹಾಗೇ ಇತ್ತು’ ಅನ್ನುವುದು.

ಪ್ರಶ್ನೆ: ಮೇಡಂ, ಪ್ರಾಜೆಕ್ಟ್‌ಗಾಗಿ ಸಿ ಭಾಷೆಯಲ್ಲಿ ಟಿಸಿಪಿ ಸರ್ವರ್ ಬರೆದಿದ್ದೇವೆ. ಕ್ಲೈಂಟ್ 5000 ಬೈಟ್ ಕಳಿಸುತ್ತದೆ, ನಮ್ಮ ಬಫರ್ 8192. ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡನ್ನೂ ಓಡಿಸಿದರೆ 5000 ಪೂರ್ತಿ ಬರುತ್ತದೆ. ಹಾಸ್ಟೆಲ್ ವೈಫೈನಲ್ಲಿ ಗೆಳತಿಯ ಲ್ಯಾಪ್‌ಟಾಪ್‌ನಿಂದ ಕಳಿಸಿದರೆ ಒಮ್ಮೆ 1448 ಬರುತ್ತದೆ, ಇನ್ನೊಮ್ಮೆ 2896. ಬಫರ್ ಎರಡು ಪಟ್ಟು ಮಾಡಿದರೂ ಅದೇ ಕಥೆ. ವೈಫೈ ಸರಿ ಇಲ್ವಾ?
– ಅಂತಿಮ ವರ್ಷದ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ವೈಫೈ ಸರಿಯಾಗೇ ಇದೆ. ನಿಮ್ಮ ಬಫರ್ ಕೂಡ ಸಾಕಷ್ಟು ದೊಡ್ಡದಿದೆ. ನೀವು ಕಂಡ 1448 ಒಂದು ಗುಟ್ಟು ಹೇಳುತ್ತಿದೆ. ಎತರ್‌ನೆಟ್ ಮತ್ತು ವೈಫೈನಲ್ಲಿ ಒಂದು ಐಪಿ ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್ ಮೀರುವುದಿಲ್ಲ. ಅದರಲ್ಲಿ ಐಪಿ ಹೆಡರ್‌ಗೆ 20, ಟಿಸಿಪಿ ಹೆಡರ್‌ಗೆ 20, ಸಮಯದ ಗುರುತಿಗೆ 12 ಹೋದರೆ ಉಳಿಯುವುದು 1448. ಎರಡು ತುಂಡು ಒಟ್ಟಿಗೆ ಬಂದು ಕೂತಿದ್ದರೆ 2896. ಒಂದೇ ಲ್ಯಾಪ್‌ಟಾಪ್‌ನೊಳಗೆ ಓಡಿಸಿದಾಗ ಡೇಟಾ ಹೊರಗೆ ಹೋಗದೆ ಲೂಪ್‌ಬ್ಯಾಕ್ ಎಂಬ ಒಳದಾರಿಯಲ್ಲೇ ಹೋಗುತ್ತದೆ. ಲಿನಕ್ಸ್‌ನಲ್ಲಿ ಅದರ ಮಿತಿ 65536 ಬೈಟ್. ನಿಮ್ಮ 5000 ಒಂದೇ ತುಂಡಾಗಿ ದಾಟಿಬಿಡುತ್ತದೆ. ಅದಕ್ಕೇ ಮನೆಯಲ್ಲಿ ಓಡಿದ ಪ್ರೋಗ್ರಾಂ ಹೊರಗೆ ಹೋದ ತಕ್ಷಣ ಮುಗ್ಗರಿಸುತ್ತದೆ.

ಟಿಸಿಪಿಯಲ್ಲಿ ‘ಪ್ಯಾಕೆಟ್ ಬಂತು’ ಎಂಬ ಮಾತೇ ಪ್ರೋಗ್ರಾಂ ಬರೆಯುವವರಿಗೆ ಇಲ್ಲ. ಅಲ್ಲಿ ಇರುವುದು ಬೈಟ್‌ಗಳ ಹರಿವು ಮಾತ್ರ. ಕಾಲುವೆಯ ಮೇಲ್ಗಡೆ ನೀವು ಎರಡು ಕೊಡ ನೀರು ಸುರಿದರೆ, ಕೆಳಗಡೆ ನಿಂತವರಿಗೆ ಯಾವ ನೀರು ಯಾವ ಕೊಡದ್ದು ಅಂತ ಗೊತ್ತಾಗುವುದಿಲ್ಲ ಅಲ್ವಾ? ಹಾಗೆಯೇ ಆ ಕಡೆ ಒಂದು ಸಲ ಸೆಂಡ್ ಮಾಡಿದ್ದು ಈ ಕಡೆ ಮೂರು ಸಲದ ರಿಸೀವ್‌ನಲ್ಲಿ ಬರಬಹುದು. ಮೂರು ಸಲ ಸೆಂಡ್ ಮಾಡಿದ್ದು ಒಂದೇ ರಿಸೀವ್‌ನಲ್ಲಿ ಅಂಟಿಕೊಂಡೂ ಬರಬಹುದು. ನೀವು ಕೊಡುವ ಬಫರ್ ಅಳತೆ ‘ಇದಕ್ಕಿಂತ ಜಾಸ್ತಿ ಕೊಡಬೇಡ’ ಎಂದು ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಹೇಳುವ ಮಾತು. ‘ಇಷ್ಟು ಬರುವವರೆಗೆ ಕಾಯಿ’ ಎಂಬ ಅರ್ಥ ಅದಕ್ಕಿಲ್ಲ.

ಆದ್ದರಿಂದ ಟಿಸಿಪಿಯಲ್ಲಿ ಬಫರ್ ಚಿಕ್ಕದಾದರೆ ಡೇಟಾ ಕಳೆಯುವುದಿಲ್ಲ. ಉಳಿದದ್ದು ಕರ್ನಲ್ ಹತ್ತಿರವೇ ಇರುತ್ತದೆ, ಮುಂದಿನ ಕರೆಗೆ ಸಿಗುತ್ತದೆ. 16 ಬೈಟ್ ಬಫರ್ ಇಟ್ಟರೂ ಸರಿಯಾದ ಪ್ರೋಗ್ರಾಂ ಬರೆಯಬಹುದು, ನಿಧಾನ ಆಗುತ್ತದೆ ಅಷ್ಟೇ. ಒಂದು ಮೆಗಾಬೈಟ್ ಇಟ್ಟರೂ ತಪ್ಪು ಪ್ರೋಗ್ರಾಂ ತಪ್ಪೇ. ನಿಮಗೆ ಬೇಕಿರುವುದು ಎರಡು. ಸಂದೇಶ ಎಲ್ಲಿ ಮುಗಿಯುತ್ತದೆ ಎಂಬ ಒಪ್ಪಂದ ಒಂದು, ಅಲ್ಲಿವರೆಗೆ ಓದುತ್ತಲೇ ಇರುವ ಲೂಪ್ ಇನ್ನೊಂದು. ನಿಮ್ಮ ಸಂದೇಶ ಯಾವಾಗಲೂ 5000 ಬೈಟ್ ಆಗಿದ್ದರೆ, ಎಣಿಕೆ 5000 ಮುಟ್ಟುವವರೆಗೆ ರಿಸೀವ್ ಕರೆಯಿರಿ. ಪ್ರತಿ ಸಲ ಬಫರ್‌ನ ತುಂಬಿದ ಭಾಗದ ಮುಂದಕ್ಕೆ ಬರೆಸಿ, ಉಳಿದಷ್ಟನ್ನೇ ಕೇಳಿ. ರಿಸೀವ್ ಸೊನ್ನೆ ಕೊಟ್ಟರೆ ಆ ಕಡೆಯವರು ಸಂಪರ್ಕ ಮುಚ್ಚಿದ್ದಾರೆ ಎಂದರ್ಥ, ಲೂಪ್‌ನಿಂದ ಹೊರಗೆ ಬನ್ನಿ. ಇದನ್ನು ನೋಡದೆ ಬಿಟ್ಟರೆ ಪ್ರೋಗ್ರಾಂ ಸುಮ್ನೆ ಸುತ್ತುತ್ತಾ ಸಿಪಿಯು ತಿನ್ನುತ್ತದೆ.

ಇನ್ನೊಂದು ಕೆಲಸ ಖಂಡಿತ ಮಾಡಿ. ಪರೀಕ್ಷೆಗೆಂದೇ ಒಂದು ಕ್ಲೈಂಟ್ ಬರೆದು, ಅದು ಸಂದೇಶವನ್ನು ಒಂದೊಂದೇ ಬೈಟ್ ಆಗಿ, ನಡುವೆ ಸ್ವಲ್ಪ ನಿಂತು ನಿಂತು ಕಳಿಸಲಿ. ಎರಡನೆಯ ಪರೀಕ್ಷೆಯಲ್ಲಿ ಹತ್ತು ಸಂದೇಶ ಒಂದೇ ಸೆಂಡ್‌ನಲ್ಲಿ ಹೋಗಲಿ. ಎರಡನ್ನೂ ದಾಟಿದ ಸರ್ವರ್ ಹಾಸ್ಟೆಲ್ ವೈಫೈನಲ್ಲೂ ಓಡುತ್ತದೆ, ಪರೀಕ್ಷಕರ ಮುಂದೆಯೂ ಓಡುತ್ತದೆ.

ಪ್ರಶ್ನೆ: ನಾನು ಪೈಥಾನ್‌ನಲ್ಲಿ ಚಿಕ್ಕ ಚಾಟ್ ಪ್ರೋಗ್ರಾಂ ಮಾಡಿದ್ದೇನೆ. ಇಂಗ್ಲಿಷ್‌ನಲ್ಲಿ ಎಷ್ಟು ಉದ್ದ ಬರೆದರೂ ಸರಿ. ಕನ್ನಡದಲ್ಲಿ ಉದ್ದ ಬರೆದರೆ ಯೂನಿಕೋಡ್ ಡೀಕೋಡ್ ಎರರ್ ಬಂದು ನಿಲ್ಲುತ್ತದೆ. ಚಿಕ್ಕ ವಾಕ್ಯ ಆದರೆ ತೊಂದರೆ ಇಲ್ಲ. ಬಫರ್ 1024 ಇದೆ.
– ಪದವಿ ಕಾಲೇಜು ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್‌ನ ಒಂದು ಅಕ್ಷರ ಒಂದು ಬೈಟ್. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಒಳಗೆ ಕ, ನ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ, ನ, ಡ ಎಂದು ಐದು ಚಿಹ್ನೆ, ಅಂದರೆ 15 ಬೈಟ್. 1024ನ್ನು ಮೂರರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಜಾಗ ಬಿಡದೆ ಬರೀ ಕನ್ನಡ ಚಿಹ್ನೆಗಳಿದ್ದರೆ, 341 ಚಿಹ್ನೆ ಪೂರ್ತಿ ಬಂದು 342ನೆಯದರ ಮೊದಲ ಬೈಟ್ ಮಾತ್ರ ಬಫರ್‌ನ ಕೊನೆಯಲ್ಲಿ ಕೂರುತ್ತದೆ. ಆ ತುಂಡನ್ನು ನೀವು ಡೀಕೋಡ್ ಮಾಡಲು ಹೋಗುತ್ತೀರಿ, ಪೈಥಾನ್ ಒಪ್ಪುವುದಿಲ್ಲ. ಅದು ಸರಿಯಾಗೇ ಇದೆ.

ಬಫರ್ 1023 ಅಥವಾ 1026 ಮಾಡಿದರೆ ಆಯ್ತಲ್ಲ ಅನ್ನಿಸಬಹುದು. ಆಗುವುದಿಲ್ಲ. ಪದಗಳ ನಡುವಿನ ಜಾಗ, ಚುಕ್ಕಿ, ಅಲ್ಪವಿರಾಮ ಎಲ್ಲ ಒಂದೊಂದು ಬೈಟ್, ಲೆಕ್ಕ ತಪ್ಪುತ್ತದೆ. ಹಿಂದಿನ ಉತ್ತರದಲ್ಲಿ ಹೇಳಿದ ಹಾಗೆ ಟಿಸಿಪಿ ಎಲ್ಲಿ ಬೇಕಾದರೂ ತುಂಡು ಮಾಡಬಹುದು. ಎರರ್ ಬರದ ಹಾಗೆ ‘ಇಗ್ನೋರ್’ ಎಂದು ಹಾಕುವ ಸಲಹೆಯನ್ನು ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ಒಬ್ಬರು ಬರೆದ ಮಾತಿನಿಂದ ಅಕ್ಷರ ಕದ್ದು, ಏನೂ ಆಗಿಲ್ಲ ಎಂಬಂತೆ ಮುಂದೆ ಹೋಗುವುದು ಅದು.

ಬಂದ ಬೈಟ್‌ಗಳನ್ನು ಬೈಟ್‌ಗಳಾಗಿಯೇ ಕೂಡಿಸಿಕೊಳ್ಳಿ. ಪ್ರತಿ ಸಂದೇಶದ ಕೊನೆಗೆ ಹೊಸ ಸಾಲಿನ ಗುರುತು ಇರಲಿ. ಆ ಗುರುತು ಸಿಕ್ಕ ಮೇಲೆ ಅಲ್ಲಿವರೆಗಿನದನ್ನು ಒಟ್ಟಿಗೆ ಡೀಕೋಡ್ ಮಾಡಿ. ಕನ್ನಡ ಚಿಹ್ನೆಯ ಮೂರು ಬೈಟ್‌ಗಳೊಳಗೆ ಹೊಸ ಸಾಲಿನ ಬೈಟ್ ಎಂದೂ ಬರುವುದಿಲ್ಲ. ಯುಟಿಎಫ್-8 ಕಟ್ಟಿರುವುದೇ ಹಾಗೆ, ಹಾಗಾಗಿ ಧೈರ್ಯವಾಗಿ ಹುಡುಕಬಹುದು. ಪೈಥಾನ್‌ನಲ್ಲಿ ಸಾಕೆಟ್ ಮೇಲೆ ಮೇಕ್‌ಫೈಲ್ ಕರೆದು, ಯುಟಿಎಫ್-8 ಎಂದು ಹೇಳಿ ರೀಡ್‌ಲೈನ್ ಬಳಸಿದರೆ ಇಷ್ಟೂ ಕೆಲಸ ಅದೇ ಮಾಡಿಕೊಡುತ್ತದೆ.

ಪ್ರಶ್ನೆ: ನಾವು ಪ್ರತಿ ಸಂದೇಶದ ಮುಂದೆ 4 ಬೈಟ್‌ನಲ್ಲಿ ಉದ್ದ ಕಳಿಸುತ್ತೇವೆ. ಸರ್ವರ್ ಆ ಉದ್ದ ಓದಿ ಅಷ್ಟೇ ಮೆಮೊರಿ ಪಡೆಯುತ್ತದೆ. ವ್ಯವಸ್ಥೆ ಚೆನ್ನಾಗಿತ್ತು. ಈಚೆಗೆ ಸರ್ವರ್‌ಗೆ ಹೊರಗಿನ ಐಪಿ ಕೊಟ್ಟ ಮೇಲೆ ಆಗಾಗ ಮೆಮೊರಿ ತುಂಬಿ ಬೀಳುತ್ತಿದೆ. ಲಾಗ್‌ನಲ್ಲಿ ಕೇಳಿದ ಉದ್ದ 1195725856 ಎಂದು ಕಾಣುತ್ತದೆ. ನಮ್ಮ ಯಾವ ಸಂದೇಶವೂ ಇಷ್ಟು ದೊಡ್ಡದಿಲ್ಲ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಈ ಸಂಖ್ಯೆ ನೋಡಿ ನನಗೆ ಖುಷಿಯಾಯಿತು, ಏಕೆಂದರೆ ಇದು ತನ್ನ ಹುಟ್ಟೂರನ್ನು ತಾನೇ ಹೇಳುತ್ತದೆ. ಇದನ್ನು ಹದಿನಾರರ ಮಾನದಲ್ಲಿ ಬರೆದರೆ 47, 45, 54, 20 ಎಂಬ ನಾಲ್ಕು ಬೈಟ್. ಆಸ್ಕಿ ಪಟ್ಟಿಯಲ್ಲಿ ನೋಡಿದರೆ ಇಂಗ್ಲಿಷ್‌ನ ಜಿ, ಇ, ಟಿ ಮತ್ತು ಒಂದು ಖಾಲಿ ಜಾಗ. ಅಂದರೆ ಯಾವುದೋ ಬ್ರೌಸರ್ ಅಥವಾ ಇಂಟರ್ನೆಟ್ ಪೂರ್ತಿ ತಡಕಾಡುವ ಸ್ಕ್ಯಾನರ್ ನಿಮ್ಮ ಪೋರ್ಟ್‌ಗೆ ಬಂದು ಎಚ್‌ಟಿಟಿಪಿಯ ‘ಗೆಟ್’ ಎಂದು ಮಾತು ಶುರು ಮಾಡಿದೆ. ನಿಮ್ಮ ಸರ್ವರ್ ಆ ನಾಲ್ಕು ಅಕ್ಷರವನ್ನೇ ಉದ್ದ ಎಂದು ಓದಿ, ಒಂದು ಗಿಗಾಬೈಟ್‌ಗೂ ಜಾಸ್ತಿ ಮೆಮೊರಿ ಕೇಳಿದೆ. ಕಾಫ್ಕಾ ಎಂಬ ಸಂದೇಶ ಸಾಗಿಸುವ ತಂತ್ರಾಂಶ ಬಳಸುವವರ ಲಾಗ್‌ಗಳಲ್ಲೂ ಇದೇ ಸಂಖ್ಯೆ ಕಾಣಸಿಗುತ್ತದೆ. ಆದರೆ ಕಾಫ್ಕಾದಲ್ಲಿ ಒಂದು ಕೋರಿಕೆ 104857600 ಬೈಟ್, ಅಂದರೆ 100 ಮೆಗಾಬೈಟ್ ಮೀರಬಾರದು ಎಂಬ ಮಿತಿ ಮೊದಲೇ ಇದೆ. ಅದು ‘ಒಪ್ಪಲ್ಲ’ ಎಂದು ಹೇಳಿ ಸಂಪರ್ಕ ಮುಚ್ಚುತ್ತದೆ, ಬೀಳುವುದಿಲ್ಲ.

ಉದ್ದವನ್ನು ಮುಂದೆ ಕಳಿಸುವ ಕ್ರಮ ಒಳ್ಳೆಯದೇ. ಆದರೆ ಆ ಉದ್ದ ಅಪರಿಚಿತರು ಹೇಳಿದ ಮಾತು. ನಾಲ್ಕು ಬೈಟ್‌ನಲ್ಲಿ 4294967295ರವರೆಗೆ ಹೇಳಬಹುದು. ನಿಮ್ಮ ಅತಿ ದೊಡ್ಡ ಸಂದೇಶ ಎಷ್ಟು ಎಂದು ತಂಡದವರೆಲ್ಲ ಕೂತು ತೀರ್ಮಾನಿಸಿ, ಬರೆದಿಡಿ. 64 ಕಿಲೋಬೈಟ್ ಅಂದುಕೊಳ್ಳಿ. ಅದಕ್ಕಿಂತ ಒಂದು ಬೈಟ್ ಜಾಸ್ತಿ ಹೇಳಿದರೂ ಸಂಪರ್ಕ ಮುಚ್ಚಿ. ಈ ಮಿತಿಯನ್ನು ಸಂಪರ್ಕಗಳ ಸಂಖ್ಯೆಯಿಂದ ಗುಣಿಸುವುದನ್ನೂ ಮರೆಯಬೇಡಿ. ಒಂದು ಮೆಗಾಬೈಟ್ ಮಿತಿ ಚಿಕ್ಕದು ಅನ್ನಿಸುತ್ತದೆ, ಆದರೆ ಸಾವಿರ ಸಂಪರ್ಕ ಬಂದರೆ ಒಂದು ಗಿಗಾಬೈಟ್. ಉದ್ದ ಹೇಳಿ ಡೇಟಾ ಕಳಿಸದೆ ಸುಮ್ಮನೆ ಕೂರುವವರೂ ಇರುತ್ತಾರೆ, ಅವರಿಗೆ ಟೈಮ್‌ಔಟ್ ಬೇಕು. ಉದ್ದವನ್ನು ಚಿಹ್ನೆಸಹಿತ ಪೂರ್ಣಾಂಕದಲ್ಲಿ ಇಟ್ಟುಕೊಂಡಿದ್ದರೆ ಈಗಲೇ ಬದಲಾಯಿಸಿ. ದೊಡ್ಡ ಸಂಖ್ಯೆ ಅಲ್ಲಿ ಋಣ ಸಂಖ್ಯೆಯಾಗಿ ಕಾಣುತ್ತದೆ, ‘ಮಿತಿಗಿಂತ ಕಡಿಮೆ ಇದೆಯಾ’ ಎಂಬ ನಿಮ್ಮ ಪರೀಕ್ಷೆಯನ್ನು ದಾಟಿಬಿಡುತ್ತದೆ.

ಹೇಳಿದ ಉದ್ದಕ್ಕೂ ನಿಜವಾಗಿ ಬಂದ ಉದ್ದಕ್ಕೂ ತಾಳೆ ನೋಡದಿದ್ದರೆ ಏನಾಗುತ್ತದೆ ಎಂಬುದನ್ನು 2014ರಲ್ಲಿ ಜಗತ್ತೇ ನೋಡಿತು. ಸಂಪರ್ಕಗಳನ್ನು ಗೂಢಲಿಪಿಯಲ್ಲಿ ಕಾಯುವ ಓಪನ್ಎಸ್ಎಸ್ಎಲ್ ತಂತ್ರಾಂಶದ ಹಾರ್ಟ್‌ಬ್ಲೀಡ್ ದೋಷ ಅದೇ. ಕಳಿಸಿದ್ದು ಒಂದೆರಡು ಬೈಟ್, ‘64 ಕಿಲೋಬೈಟ್ ಕಳಿಸಿದ್ದೇನೆ, ವಾಪಸ್ ಕೊಡು’ ಎಂದು ಹೇಳಿದ್ದು. ಸರ್ವರ್ ನಂಬಿ, ಪಕ್ಕದ ಮೆಮೊರಿಯಲ್ಲಿದ್ದ ಬೇರೆಯವರ ಗುಟ್ಟುಗಳನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು. ನಿಮ್ಮ ಸರ್ವರ್ ಬಿದ್ದಿದ್ದೇ ವಾಸಿ, ಬಿದ್ದಿದ್ದರಿಂದ ಗೊತ್ತಾಯಿತು.

ಪ್ರಶ್ನೆ: ಯುಡಿಪಿಗೆ 1500 ಬೈಟ್ ಬಫರ್ ಸಾಕು ಎಂದು ಸೀನಿಯರ್ ಹೇಳುತ್ತಾರೆ. ಪುಸ್ತಕದಲ್ಲಿ 65535 ಎಂದಿದೆ. ಇನ್ನೊಬ್ಬರು 512 ಅನ್ನುತ್ತಾರೆ. ಯಾವುದು ಸರಿ?
– ಓದುಗರು, ಬೆಳಗಾವಿ

ಉತ್ತರ: ಮೂರಕ್ಕೂ ಹಿನ್ನೆಲೆ ಇದೆ. ಮೊದಲು ಒಂದು ಮಾತು: ಟಿಸಿಪಿಯಲ್ಲಿ ನಾನು ‘ಬಫರ್ ಚಿಕ್ಕದಾದರೂ ಪರವಾಗಿಲ್ಲ’ ಎಂದದ್ದನ್ನು ಇಲ್ಲಿಗೆ ತರಬೇಡಿ. ಯುಡಿಪಿಯಲ್ಲಿ ಒಂದು ಸೆಂಡ್ ಎಂದರೆ ಒಂದು ಡೇಟಾಗ್ರಾಂ (ಒಂದು ಬಿಡಿ ಸಂದೇಶ), ಒಂದು ರಿಸೀವ್‌ಗೆ ಅದು ಒಂದೇ ಸಿಗುತ್ತದೆ. ನಿಮ್ಮ ಬಫರ್ ಅದಕ್ಕಿಂತ ಚಿಕ್ಕದಿದ್ದರೆ ಉಳಿದ ಭಾಗ ಹೋಯಿತು. ಮುಂದಿನ ಕರೆಗೂ ಸಿಗುವುದಿಲ್ಲ. ಲಿನಕ್ಸ್‌ನಲ್ಲಿ ಮಾಮೂಲಿ ರಿಸೀವ್ ಇದನ್ನು ಹೇಳುವುದೂ ಇಲ್ಲ, ತುಂಬಿದ ಬಫರ್ ಕೊಟ್ಟು ಸುಮ್ಮನಾಗುತ್ತದೆ. ವಿಂಡೋಸ್ 10040 ಎಂಬ ದೋಷ ಸಂಖ್ಯೆ ಕೊಡುತ್ತದೆ. ಹಾಗಾಗಿ ಒಂದೇ ಪ್ರೋಗ್ರಾಂ ಒಂದು ಕಡೆ ಕೂಗಾಡುತ್ತದೆ, ಇನ್ನೊಂದು ಕಡೆ ಮಾತಿಲ್ಲದೆ ಡೇಟಾ ಕಳೆಯುತ್ತದೆ.

ಯುಡಿಪಿ ಹೆಡರ್‌ನಲ್ಲಿ ಉದ್ದಕ್ಕೆ 16 ಬಿಟ್ ಜಾಗ. ಹಾಗಾಗಿ 65535ರ ಮೇಲೆ ಹೋಗಲು ಸಾಧ್ಯವಿಲ್ಲ. ಐಪಿವಿ4ರಲ್ಲಿ ಐಪಿ ಹೆಡರ್‌ನ 20, ಯುಡಿಪಿ ಹೆಡರ್‌ನ 8 ಕಳೆದರೆ ನಿಮ್ಮ ಡೇಟಾಕ್ಕೆ ಉಳಿಯುವುದು 65507. ನಿಮ್ಮ ಸೀನಿಯರ್ ಹೇಳುವ 1500 ತಂತಿಯ ಮೇಲಿನ ಮಿತಿ. ಅದಕ್ಕಿಂತ ದೊಡ್ಡ ಡೇಟಾಗ್ರಾಂ ದಾರಿಯಲ್ಲಿ ತುಂಡಾಗಿ ಬರುತ್ತದೆ. ಆದರೆ ತುಂಡುಗಳನ್ನು ಜೋಡಿಸುವ ಕೆಲಸ ಕರ್ನಲ್‌ದು, ನಿಮ್ಮ ಕೈಗೆ ಬರುವುದು ಜೋಡಿಸಿದ ಪೂರ್ತಿ ಡೇಟಾಗ್ರಾಂ. ಆದ್ದರಿಂದ ‘ತಂತಿಯಲ್ಲಿ 1500, ನನ್ನ ಬಫರೂ 1500’ ಎಂಬ ಲೆಕ್ಕ ತಪ್ಪು.

ನಿಜವಾಗಿ ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. ಎಷ್ಟು ದೊಡ್ಡದನ್ನು ತೆಗೆದುಕೊಳ್ಳಬಲ್ಲೆ ಎಂಬುದು ಒಂದು. ಎಷ್ಟು ದೊಡ್ಡದನ್ನು ಕಳಿಸಬೇಕು ಎಂಬುದು ಇನ್ನೊಂದು.

ತೆಗೆದುಕೊಳ್ಳುವ ಕಡೆ ಸಾಮಾನ್ಯ ಸರ್ವರ್ ಆಗಿದ್ದರೆ 65535 ಬೈಟ್‌ನ ಒಂದೇ ಬಫರ್ ಇಟ್ಟು ಪ್ರತಿ ಸಲವೂ ಅದನ್ನೇ ಬಳಸಿ. 64 ಕಿಲೋಬೈಟ್ ಇವತ್ತು ದೊಡ್ಡ ಖರ್ಚಲ್ಲ. ಪ್ರೋಟೋಕಾಲ್‌ನ ಮಿತಿ ಗೊತ್ತಿದ್ದರೆ ಅದಕ್ಕಿಂತ ಒಂದು ಬೈಟ್ ಜಾಸ್ತಿ ಇಡುವುದು ನನಗೆ ಇಷ್ಟವಾದ ಕ್ರಮ. ಮಿತಿ 600 ಆಗಿದ್ದರೆ ಬಫರ್ 601. ಪೂರ್ತಿ 601 ಬಂತು ಅಂದರೆ ಅದು ಮಿತಿ ಮೀರಿದ ಡೇಟಾಗ್ರಾಂ, ಎಸೆದು ಲಾಗ್‌ನಲ್ಲಿ ಬರೆಯಿರಿ. ಬಫರ್ 600 ಇದ್ದರೆ, ಬಂದ 600 ಪೂರ್ತಿ ಸಂದೇಶವೋ ಕತ್ತರಿಸಿದ್ದೋ ತಿಳಿಯುವುದೇ ಇಲ್ಲ. ಲಿನಕ್ಸ್‌ನಲ್ಲಿ ಎಂಎಸ್‌ಜಿ-ಟ್ರಂಕ್ ಎಂಬ ಸೂಚನೆ ಕೊಟ್ಟು ರಿಸೀವ್ ಕರೆದರೆ ಡೇಟಾಗ್ರಾಂನ ನಿಜವಾದ ಉದ್ದವನ್ನೇ ಹೇಳುತ್ತದೆ. ಅದನ್ನೂ ಬಳಸಬಹುದು.

ಕಳಿಸುವ ಕಡೆ ಕೈ ಬಿಗಿಯಾಗಿರಲಿ. 8192 ಬೈಟ್ ಕಳಿಸಿದರೆ ಎತರ್‌ನೆಟ್‌ನಲ್ಲಿ ಅದು ಆರು ತುಂಡಾಗುತ್ತದೆ. ಆರರಲ್ಲಿ ಒಂದು ಕಳೆದರೂ ಇಡೀ ಡೇಟಾಗ್ರಾಂ ಹೋಯಿತು. ದಾರಿಯಲ್ಲಿ ನೂರಕ್ಕೆ ಒಂದು ತುಂಡು ಕಳೆಯುತ್ತದೆ ಅಂದುಕೊಂಡರೆ, ನಿಮ್ಮ ಡೇಟಾಗ್ರಾಂಗಳಲ್ಲಿ ನೂರಕ್ಕೆ ಸುಮಾರು ಆರು ಕಳೆಯುತ್ತವೆ. ಇದರ ಮೇಲೆ ಎಷ್ಟೋ ಫೈರ್‌ವಾಲ್‌ಗಳು ತುಂಡುಗಳನ್ನು ಕಂಡರೇ ಎಸೆಯುತ್ತವೆ. ಒಂದೇ ಕಟ್ಟಡದ ಎತರ್‌ನೆಟ್ ಆದರೆ 1472ರ ಒಳಗಿರಿ. ಮನೆಯ ಫೈಬರ್ ಸಂಪರ್ಕ ಪಿಪಿಪಿಒಇ ಎಂಬ ಲಾಗಿನ್ ಪದ್ಧತಿಯ ಮೇಲೆ ಬಂದಿದ್ದರೆ ಅಲ್ಲಿ 8 ಬೈಟ್ ಕಡಿಮೆ, 1464.

ಈ ವಿಷಯದಲ್ಲಿ ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್ಎಸ್‌ನ ಚರಿತ್ರೆ ಓದುವುದು ನನಗೆ ತುಂಬಾ ಇಷ್ಟ. 512 ಎಂಬ ಸಂಖ್ಯೆ ಬಂದದ್ದೂ ಅಲ್ಲಿಂದಲೇ. 1987ರ ಡಿಎನ್ಎಸ್ ನಿಯಮದಲ್ಲಿ ಯುಡಿಪಿ ಉತ್ತರ 512 ಬೈಟ್ ಮೀರಬಾರದು ಎಂದು ಬರೆದಿದ್ದರು. ಆಗ ಐಪಿವಿ4ರಲ್ಲಿ ಯಾವ ಕಂಪ್ಯೂಟರ್ ಆದರೂ 576 ಬೈಟ್‌ನ ಪ್ಯಾಕೆಟ್ ತೆಗೆದುಕೊಳ್ಳಲೇಬೇಕು ಎಂಬ ಭರವಸೆ ಇತ್ತು, 512 ಅದರೊಳಗೆ ಆರಾಮಾಗಿ ಕೂರುತ್ತದೆ. ಡಿಎನ್ಎಸ್ ಉತ್ತರಗಳು ದಪ್ಪವಾಗುತ್ತಾ ಹೋದ ಹಾಗೆ 1999ರಲ್ಲಿ ಇಡಿಎನ್ಎಸ್ ಬಂತು. ‘ನನ್ನ ಬಫರ್ ಇಷ್ಟು ದೊಡ್ಡದಿದೆ’ ಎಂದು ಕೇಳುವವರೇ ಹೇಳುವ ವ್ಯವಸ್ಥೆ ಅದು. ಬಹಳ ಜನ 4096 ಎಂದು ಹೇಳತೊಡಗಿದರು. ಬಫರ್ ಇತ್ತು, ನಿಜ. ಆದರೆ ದೊಡ್ಡ ಉತ್ತರಗಳು ದಾರಿಯಲ್ಲಿ ತುಂಡಾಗಿ ಕಳೆದುಹೋಗುತ್ತಿದ್ದವು. ಕೊನೆಗೆ 2020ರ ಡಿಎನ್ಎಸ್ ಫ್ಲ್ಯಾಗ್ ಡೇ ಹೊತ್ತಿಗೆ ಡಿಎನ್ಎಸ್ ತಂತ್ರಾಂಶ ಬರೆಯುವವರು, ನಡೆಸುವವರು ಸೇರಿ 1232ಕ್ಕೆ ಇಳಿಸಲು ಸಲಹೆ ಕೊಟ್ಟರು. ಐಪಿವಿ6ರ ಯಾವ ದಾರಿಯೂ ಕನಿಷ್ಠ 1280 ಬೈಟ್ ಒಯ್ಯಲೇಬೇಕು. ಅದರಲ್ಲಿ ಐಪಿವಿ6 ಹೆಡರ್ 40, ಯುಡಿಪಿ ಹೆಡರ್ 8 ಕಳೆದರೆ 1232. ದಾರಿ ಯಾವುದೆಂದು ಗೊತ್ತಿಲ್ಲದಾಗ ನಾನು ಕಳಿಸುವುದೂ ಇದರ ಒಳಗೇ.

ಪ್ರಶ್ನೆ: ರಿಸೀವ್ ಆದ ಮೇಲೆ ಬಫರ್‌ನ ಕೊನೆಗೆ ಸೊನ್ನೆ ಹಾಕಿ ಸ್ಟ್ರಿಂಗ್ ಮಾಡುತ್ತೇನೆ. ಅಪರೂಪಕ್ಕೆ ಪ್ರೋಗ್ರಾಂ ಕುಸಿಯುತ್ತದೆ.
– ಪಾಲಿಟೆಕ್ನಿಕ್ ವಿದ್ಯಾರ್ಥಿ, ಕಾರವಾರ

ಉತ್ತರ: 100 ಬೈಟ್ ಬಫರ್‌ಗೆ 100 ಕೇಳಿ, ಪೂರ್ತಿ 100 ಬಂದ ದಿನ ನಿಮ್ಮ ಸೊನ್ನೆ 101ನೇ ಜಾಗದಲ್ಲಿ ಬೀಳುತ್ತದೆ. ಅದು ಬೇರೆ ಯಾರದ್ದೋ ಮೆಮೊರಿ. 99 ಕೇಳಿ. ರಿಸೀವ್ ದೋಷದಿಂದ -1 ಕೊಟ್ಟಾಗಲೂ ನೋಡದೆ ಸೊನ್ನೆ ಹಾಕಿದರೆ ಅದು ಬಫರ್‌ನ ಹಿಂದಕ್ಕೆ ಬೀಳುತ್ತದೆ. ಮೊದಲು ದೋಷ ನೋಡಿ, ಆಮೇಲೆ ಸೊನ್ನೆ. ಬೈನರಿ ಡೇಟಾ ಆದರೆ ಸ್ಟ್ರಿಂಗ್ ಮಾಡಲೇಬೇಡಿ, ನಡುವೆಯೇ ಸೊನ್ನೆಗಳಿರುತ್ತವೆ. ಒಂದು ಬೈಟ್ ತಾನೇ ಅಂತ ಹಗುರವಾಗಿ ಕಾಣಬೇಡಿ. ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ತಾನೇ ಹರಡಿದ 1988ರ ಮೋರಿಸ್ ವರ್ಮ್ ಹಬ್ಬಿದ ದಾರಿಗಳಲ್ಲಿ ಒಂದು, 512 ಬೈಟ್‌ನ ಬಫರ್‌ಗೆ ಅಳತೆ ನೋಡದೆ ಓದಿಕೊಳ್ಳುತ್ತಿದ್ದ, ಬಳಕೆದಾರರ ಮಾಹಿತಿ ಹೇಳುವ ಫಿಂಗರ್ ಸರ್ವರ್.

ಪ್ರಶ್ನೆ: ನೀವು ಹೇಳುವಂತೆ 65535ರ ಬಫರ್ ಇಟ್ಟಿದ್ದೇನೆ. 400 ಸೆನ್ಸರ್‌ಗಳು ಪ್ರತಿ ನಿಮಿಷದ ಆರಂಭಕ್ಕೆ ಸರಿಯಾಗಿ ಒಂದೊಂದು ಚಿಕ್ಕ ಯುಡಿಪಿ ಪ್ಯಾಕೆಟ್ ಕಳಿಸುತ್ತವೆ. ಪ್ರತಿ ನಿಮಿಷವೂ ಕೆಲವು ಕಾಣೆ. ಸ್ವಿಚ್ ಬದಲಾಯಿಸಿದೆವು, ಕೇಬಲ್ ಬದಲಾಯಿಸಿದೆವು. ಓದಿದ ಪ್ರತಿ ರೀಡಿಂಗ್ ಅನ್ನೂ ಆಗಲೇ ಡೇಟಾಬೇಸ್‌ಗೆ ಬರೆಯುತ್ತೇವೆ, ಅದಕ್ಕೆ ಸುಮಾರು 5 ಮಿಲಿಸೆಕೆಂಡ್ ಹಿಡಿಯುತ್ತದೆ.
– ನಿರ್ವಹಣಾ ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ಕೊನೆಯ ಸಾಲಿನಲ್ಲಿ ಉತ್ತರ ನೀವೇ ಬರೆದಿದ್ದೀರಿ. 400 ಪ್ಯಾಕೆಟ್ ಒಂದೇ ಕ್ಷಣಕ್ಕೆ ಬರುತ್ತವೆ. ಒಂದಕ್ಕೆ 5 ಮಿಲಿಸೆಕೆಂಡ್ ಅಂದರೆ ಎಲ್ಲ ಮುಗಿಯಲು 2 ಸೆಕೆಂಡ್. ಅಲ್ಲಿವರೆಗೆ ಉಳಿದವು ಎಲ್ಲಿ ಕಾಯಬೇಕು? ನಿಮ್ಮ 65535ರ ಬಫರ್‌ನಲ್ಲಿ ಅಲ್ಲ, ಅದು ಒಂದು ಸಲಕ್ಕೆ ಒಂದೇ ಡೇಟಾಗ್ರಾಂ ಹಿಡಿಯುತ್ತದೆ. ಕಾಯುವುದು ಕರ್ನಲ್ ಒಳಗಿನ ಸಾಕೆಟ್ ಸಾಲಿನಲ್ಲಿ. ಲಿನಕ್ಸ್‌ನಲ್ಲಿ ಅದರ ಅಳತೆ ಸಾಮಾನ್ಯವಾಗಿ 212992 ಬೈಟ್.

ಸೆನ್ಸರ್ ಪ್ಯಾಕೆಟ್ 100 ಬೈಟ್ ಆದರೆ ಎರಡು ಸಾವಿರ ಹಿಡಿಯಬೇಕಲ್ಲ ಅನ್ನಿಸುತ್ತದೆ. ಕರ್ನಲ್ ಹಾಗೆ ಎಣಿಸುವುದಿಲ್ಲ. ಪ್ರತಿ ಪ್ಯಾಕೆಟ್ ಜೊತೆ ಇಟ್ಟುಕೊಳ್ಳುವ ತನ್ನ ಲೆಕ್ಕಪತ್ರದ ಮೆಮೊರಿಯನ್ನೂ ಸೇರಿಸುತ್ತದೆ. ಹಾಗಾಗಿ ಚಿಕ್ಕ ಪ್ಯಾಕೆಟ್ ತನ್ನ ಅಳತೆಯ ಹಲವು ಪಟ್ಟು ಜಾಗ ತಿನ್ನುತ್ತದೆ, ಸಾಲು ಕೆಲವೇ ನೂರು ಪ್ಯಾಕೆಟ್‌ಗೆ ತುಂಬಬಹುದು. ತುಂಬಿದ ಮೇಲೆ ಬಂದದ್ದನ್ನು ಎಸೆಯುತ್ತದೆ. ಎಸೆದದ್ದರ ಲೆಕ್ಕ ಇಡುತ್ತದೆ, ಅದು ನಮ್ಮ ಪುಣ್ಯ. ನೆಟ್‌ಸ್ಟ್ಯಾಟ್‌ಗೆ ಎಸ್ ಮತ್ತು ಯು ಆಯ್ಕೆ ಕೊಟ್ಟು ಓಡಿಸಿ. ಯುಡಿಪಿ ಭಾಗದಲ್ಲಿ ‘ರಿಸೀವ್ ಬಫರ್ ಎರರ್ಸ್’ ಎಂಬ ಸಂಖ್ಯೆ ಪ್ರತಿ ನಿಮಿಷ ಏರುತ್ತಿದ್ದರೆ ಕೇಬಲ್‌ಗೆ ಕ್ಷಮೆ ಕೇಳಿ, ಹಳೆಯದನ್ನೇ ಹಾಕಿಬಿಡಿ.

ಈ ಸಾಲನ್ನು ಎಸ್ಒ-ಆರ್‌ಸಿವಿಬಫ್ ಎಂಬ ಸಾಕೆಟ್ ಆಯ್ಕೆಯಿಂದ ದೊಡ್ಡದು ಮಾಡಬಹುದು. ಆದರೆ ಆರ್‌ಮೆಮ್-ಮ್ಯಾಕ್ಸ್ ಎಂಬ ವ್ಯವಸ್ಥೆಯ ಮಿತಿಯನ್ನು ಮೊದಲು ಏರಿಸದಿದ್ದರೆ, ನೀವು ಒಂದು ಮೆಗಾಬೈಟ್ ಕೇಳಿದರೂ ಕರ್ನಲ್ ದೂರು ಹೇಳದೆ ಮಿತಿಗೇ ನಿಲ್ಲುತ್ತದೆ. ಕೇಳಿದ ಮೇಲೆ ಎಷ್ಟು ಸಿಕ್ಕಿತು ಎಂದು ತಿರುಗಿ ಓದಿ ನೋಡಿ. ಲಿನಕ್ಸ್ ಆ ಸಂಖ್ಯೆಯನ್ನು ಎರಡು ಪಟ್ಟು ಮಾಡಿ ಇಟ್ಟುಕೊಳ್ಳುತ್ತದೆ, 425984 ಎಂದು ಕಂಡರೆ ಗಾಬರಿಯಾಗಬೇಡಿ. ಅದು 212992ರ ಎರಡರಷ್ಟು.

ಇಷ್ಟರಿಂದ ತೊಂದರೆ ಹಿಂದಕ್ಕೆ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ನಾಳೆ ಸೆನ್ಸರ್ ಸಾವಿರ ಆದರೆ ಮತ್ತೆ ಇದೇ ಪತ್ರ ಬರೆಯುತ್ತೀರಿ. ಓದುವ ಕೆಲಸಕ್ಕೆ ಒಂದು ಥ್ರೆಡ್ ಮೀಸಲಿಡಿ. ಅದು ಪ್ಯಾಕೆಟ್ ತೆಗೆದು ಪ್ರೋಗ್ರಾಂನೊಳಗಿನ ಕ್ಯೂಗೆ ಹಾಕಿ ತಕ್ಷಣ ಮುಂದಿನದಕ್ಕೆ ಹೋಗಲಿ. ಡೇಟಾಬೇಸ್‌ಗೆ ಬರೆಯುವುದು ಇನ್ನೊಂದು ಥ್ರೆಡ್, ಅದೂ ನೂರು ನೂರು ಒಟ್ಟಿಗೆ. ಇದಕ್ಕಿಂತಲೂ ಒಳ್ಳೆಯದು ಎಂದರೆ ಎಲ್ಲ ಸೆನ್ಸರ್ ಒಂದೇ ಕ್ಷಣಕ್ಕೆ ಮಾತಾಡದಂತೆ ಮಾಡುವುದು. ಪ್ರತಿಯೊಂದಕ್ಕೂ ನಿಮಿಷದೊಳಗೆ ಬೇರೆ ಬೇರೆ ಸೆಕೆಂಡ್ ಕೊಡಿ. 400ನ್ನು 60ಕ್ಕೆ ಹಂಚಿದರೆ ಸೆಕೆಂಡ್‌ಗೆ ಏಳಕ್ಕಿಂತ ಕಡಿಮೆ. ನಿಮ್ಮ ಈಗಿನ ಪ್ರೋಗ್ರಾಂ ಕೂಡ ಅದನ್ನು ಸುಲಭವಾಗಿ ಹಿಡಿಯುತ್ತದೆ. ಕ್ಷೇತ್ರದಲ್ಲಿರುವ ಸಾಧನಗಳ ಸೆಟ್ಟಿಂಗ್ ಬದಲಾಯಿಸುವುದು ಬೇಜಾರಿನ ಕೆಲಸ, ಗೊತ್ತು. ಆದರೂ ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ಪ್ರಶ್ನೆ: ತೋಟದ ಮೋಟಾರ್‌ಗೆ ಇಎಸ್‌ಪಿ32 ಬೋರ್ಡ್ ಹಾಕಿ, ಪಬ್‌ಸಬ್‌ಕ್ಲೈಂಟ್ ಲೈಬ್ರರಿಯಿಂದ ಎಂಕ್ಯೂಟಿಟಿ ಸಂದೇಶ ಪಡೆದು ಚಿಕ್ಕ ಪರದೆಯಲ್ಲಿ ತೋರಿಸುತ್ತೇನೆ. ಇಂಗ್ಲಿಷ್ ಸಂದೇಶ ಬರುತ್ತದೆ. ಅದೇ ಅರ್ಥದ ಕನ್ನಡ ಸಂದೇಶಗಳಲ್ಲಿ ಉದ್ದನೆಯವು ಬರುವುದೇ ಇಲ್ಲ. ಎರರ್ ಕೂಡ ಇಲ್ಲ. ಸರ್ವರ್‌ನಿಂದ ಪೈಥಾನ್‌ನಲ್ಲಿ ಜೇಸನ್ ಮಾಡಿ ಕಳಿಸುತ್ತೇನೆ.
– ಕೃಷಿಕರು, ಚಿತ್ರದುರ್ಗ ಜಿಲ್ಲೆ

ಉತ್ತರ: ಆ ಲೈಬ್ರರಿಯ ಬಫರ್ ಮೊದಲೇ 256 ಬೈಟ್‌ಗೆ ಹೊಂದಿಸಿರುತ್ತದೆ. ಟಾಪಿಕ್‌ನ ಹೆಸರು, ಹೆಡರ್ ಎಲ್ಲ ಅದರೊಳಗೇ ಕೂರಬೇಕು. ಮೀರಿದ ಸಂದೇಶವನ್ನು ಅದು ಬಿಟ್ಟುಬಿಡುತ್ತದೆ, ನಿಮ್ಮ ಫಂಕ್ಷನ್ ಅನ್ನು ಕರೆಯುವುದೇ ಇಲ್ಲ. 2.8ರ ಆವೃತ್ತಿಯಿಂದ ಸೆಟ್‌ಬಫರ್‌ಸೈಜ್ ಎಂಬ ಕರೆಯಿಂದ ಇದನ್ನು ಏರಿಸಬಹುದು. ನಿಮ್ಮ ಬೋರ್ಡ್‌ಗೆ 1024 ಭಾರವಲ್ಲ.

ಆದರೆ ಕಳಿಸುವ ಕಡೆಯೂ ಒಂದು ಸಾಲು ಬದಲಾಗಬೇಕು. ‘ಮೋಟಾರ್ ನಿಂತಿದೆ’ ಎಂಬುದು ಯುಟಿಎಫ್-8ರಲ್ಲಿ 40 ಬೈಟ್. ಪೈಥಾನ್‌ನ ಜೇಸನ್ ಲೈಬ್ರರಿ, ನೀವು ಬೇಡ ಎನ್ನದಿದ್ದರೆ, ಪ್ರತಿ ಕನ್ನಡ ಚಿಹ್ನೆಯನ್ನೂ ಆರು ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿ ಬರೆಯುತ್ತದೆ. ಆಗ ಅದೇ ಎರಡು ಪದ 79 ಬೈಟ್ ಆಗುತ್ತದೆ. ಎನ್ಶೂರ್-ಆಸ್ಕಿ ಎಂಬ ಆಯ್ಕೆಯನ್ನು ‘ಫಾಲ್ಸ್’ ಮಾಡಿದರೆ ಕನ್ನಡ ಕನ್ನಡವಾಗಿಯೇ ಹೋಗುತ್ತದೆ, ಉದ್ದ ಅರ್ಧಕ್ಕೆ ಇಳಿಯುತ್ತದೆ. ಕನ್ನಡದಲ್ಲಿ ಸಂದೇಶ ಕಳಿಸುತ್ತಿರುವುದು ತುಂಬಾ ಸಂತೋಷ. ಬರೀ ಇಂಗ್ಲಿಷ್ ಇಟ್ಟು ಅಳೆದ ಬಫರ್‌ಗಳು ನಮ್ಮ ಕೈಗೆ ಬರುವಾಗ ಮೂರು ಪಟ್ಟು ಇಕ್ಕಟ್ಟಾಗುತ್ತವೆ, ಅದನ್ನು ಲೆಕ್ಕಕ್ಕೆ ಹಿಡಿದೇ ಶುರು ಮಾಡಬೇಕು.

ಪ್ರಶ್ನೆ: ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಸರ್ವರ್‌ನಿಂದ ದೊಡ್ಡ ಫೈಲ್ ತರಿಸುತ್ತೇವೆ. ನಮ್ಮ ಲೈನ್ 100 ಮೆಗಾಬಿಟ್. ಬ್ರೌಸರ್‌ನಲ್ಲಿ ವೇಗ ಬರುತ್ತದೆ. ನಮ್ಮದೇ ಟಿಸಿಪಿ ಪ್ರೋಗ್ರಾಂ 2 ಮೆಗಾಬಿಟ್ ದಾಟುವುದಿಲ್ಲ. ಪಿಂಗ್ 250 ಮಿಲಿಸೆಕೆಂಡ್. ಒಳ್ಳೆಯದಾಗಲಿ ಎಂದು ರಿಸೀವ್ ಬಫರ್ 65536 ಎಂದು ನಾವೇ ನಿಗದಿ ಮಾಡಿದ್ದೇವೆ.
– ಓದುಗರು, ಮಂಗಳೂರು

ಉತ್ತರ: ಆ ಸಾಲನ್ನು ಅಳಿಸಿ. ಕಳಿಸುವವರು ನಿಮ್ಮ ರಿಸೀವ್ ಬಫರ್‌ನಲ್ಲಿ ಜಾಗ ಇದ್ದಷ್ಟೇ ಕಳಿಸಿ, ನಿಮ್ಮ ಒಪ್ಪಿಗೆ ಬರುವವರೆಗೆ ಕಾಯುತ್ತಾರೆ. ಒಪ್ಪಿಗೆ ಹೋಗಿ ಬರಲು 250 ಮಿಲಿಸೆಕೆಂಡ್. ಅಂದರೆ ಸೆಕೆಂಡ್‌ಗೆ ನಾಲ್ಕು ಸಲ, ಸಲಕ್ಕೆ 64 ಕಿಲೋಬೈಟ್. ಗುಣಿಸಿ ಬಿಟ್‌ಗೆ ತಂದರೆ ಸುಮಾರು 2 ಮೆಗಾಬಿಟ್. ನೀವು ಅಳೆದದ್ದೂ ಅಷ್ಟೇ. ನಿಮ್ಮ ಲೈನ್ ತುಂಬಬೇಕಾದರೆ 100 ಮೆಗಾಬಿಟ್‌ನ್ನು ಕಾಲು ಸೆಕೆಂಡ್‌ನಿಂದ ಗುಣಿಸಿದಷ್ಟು, ಅಂದರೆ 3 ಮೆಗಾಬೈಟ್‌ಗಿಂತ ಸ್ವಲ್ಪ ಜಾಸ್ತಿ ಡೇಟಾ ಯಾವಾಗಲೂ ದಾರಿಯಲ್ಲಿರಬೇಕು.

ಲಿನಕ್ಸ್ ಟಿಸಿಪಿ ಬಫರ್‌ನ್ನು ಅಗತ್ಯ ನೋಡಿಕೊಂಡು ತಾನೇ ಬೆಳೆಸುತ್ತದೆ, ಸಾಮಾನ್ಯವಾಗಿ 6 ಮೆಗಾಬೈಟ್‌ವರೆಗೆ. ನೀವು ಕೈಯಾರೆ ಒಂದು ಅಳತೆ ಕೊಟ್ಟ ಕೂಡಲೇ ಆ ಸಾಕೆಟ್‌ಗೆ ಅದು ಬೆಳೆಸುವುದನ್ನು ನಿಲ್ಲಿಸುತ್ತದೆ. ಬ್ರೌಸರ್ ಈ ಅಳತೆಯನ್ನು ಕರ್ನಲ್‌ಗೇ ಬಿಟ್ಟಿದ್ದರಿಂದ ವೇಗ ಬಂತು. ಏನಾದರೂ ಕಾರಣಕ್ಕೆ ನೀವೇ ಕೊಡಲೇಬೇಕಾಗಿ ಬಂದರೆ ಕನೆಕ್ಟ್ ಕರೆಯುವ ಮೊದಲೇ ಕೊಡಿ. 64 ಕಿಲೋಬೈಟ್ ಮೀರಿದ ಕಿಟಕಿಗೆ (ಒಪ್ಪಿಗೆಗೆ ಕಾಯದೆ ಕಳಿಸಬಹುದಾದ ಡೇಟಾದ ಅಳತೆಗೆ) ಬೇಕಾದ ಗುಣಕವನ್ನು ಟಿಸಿಪಿ ತೀರ್ಮಾನಿಸುವುದು ಸಂಪರ್ಕದ ಮೊದಲ ಪ್ಯಾಕೆಟ್‌ನಲ್ಲೇ, ಆಮೇಲೆ ಬದಲಾಯಿಸಲು ಆಗುವುದಿಲ್ಲ. ಸಾಲು ಅಳಿಸಿದ ಮೇಲೂ 2 ಮೆಗಾಬಿಟ್‌ನಲ್ಲೇ ನಿಂತರೆ ಆ ಕಡೆಯ ಸರ್ವರ್ ಪ್ರೋಗ್ರಾಂನಲ್ಲಿ ಸೆಂಡ್ ಬಫರ್‌ಗೆ ಇದೇ ರೀತಿ ಅಳತೆ ಕೊಟ್ಟಿದ್ದಾರಾ ನೋಡಿ. ಕೊಟ್ಟಿದ್ದರೆ ಅದನ್ನೂ ಅಳಿಸಿ.